ನೋಂದಾಯಿತ ಮೂಗು

ಮಾರ್ಚ್ ಹದಿನಾಲ್ಕು, ಗುರುವಾರ. ಹೊಲಿಗೆ ಹಾಲ್‌ಗೆ ಇಪ್ಪತ್ತಾರು ಕಿಟಕಿ. ತೆರೆದಿದ್ದವು ಸೊನ್ನೆ.

ಹಾಲ್‌ನ ಉದ್ದ ನೂರಿಪ್ಪತ್ತು ಅಡಿ, ಅಗಲ ನಲವತ್ತೈದು. ಗುಣಿಸಿದರೆ ಐದು ಸಾವಿರದ ನಾನೂರು ಚದರಡಿ. ಹೊಳಪಿನ ಬಣ್ಣದ ಇಪ್ಪತ್ತು ಲೀಟರಿನ ಒಂದು ಡಬ್ಬ ಒಂಬೈನೂರು ಚದರಡಿಗೆ ಸಾಕಾಗುತ್ತದೆ. ಒಂದು ಕೋಟ್‌ಗೆ ಆರು ಡಬ್ಬ, ಎರಡಕ್ಕೆ ಹನ್ನೆರಡು. ಬಣ್ಣ ತೆಳುವಾಗಿಸಲು ಥಿನ್ನರ್ ಮೂರು ಡಬ್ಬ ಬೇರೆ. ಈ ಲೆಕ್ಕ ನನ್ನದು. ನೆಲಕ್ಕೆ ಬಣ್ಣ ಬಳಿಯುವ ತಂಡದಲ್ಲಿ ನಾನು ಅಳತೆಯವನು. ಟೇಪು ಹಿಡಿಯುತ್ತೇನೆ, ಗುಣಿಸುತ್ತೇನೆ, ಡಬ್ಬ ಎಷ್ಟೆಂದು ಹೇಳುತ್ತೇನೆ. ನಲವತ್ತೊಂದು ವರ್ಷದಲ್ಲಿ ಒಂದು ಡಬ್ಬವೂ ಉಳಿದಿಲ್ಲ, ಒಂದೂ ಕಡಿಮೆ ಬಿದ್ದಿಲ್ಲ.

ಆ ಹಾಲ್‌ನಲ್ಲಿ ನೂರನಲವತ್ತು ಹೆಂಗಸರು ಅಂಗಿ ಹೊಲಿಯುತ್ತಾರೆ. ನನ್ನ ತಂಗಿ ಅವರಲ್ಲೊಬ್ಬಳು. ಕಾಲರ್ ಕೂರಿಸುವುದು ಅವಳ ಕೆಲಸ. ಅಂಗಿ ಕೊಳ್ಳುವ ದೊಡ್ಡ ಗಿರಾಕಿಗಳು ಮುಂದಿನ ಗುರುವಾರ ಕಾರ್ಖಾನೆ ನೋಡಲು ಬರುವವರಿದ್ದರು. ನೆಲದಲ್ಲಿ ಅವರಿಗೆ ಅವರ ಮುಖ ಕಾಣಬೇಕು ಎಂದು ಮೇಲಿನಿಂದ ಆಜ್ಞೆಯಾಯಿತು. ಹೆಂಗಸರನ್ನು ಮೂರು ದಿನ ಮನೆಗೆ ಕಳಿಸಿದರು. ಯಂತ್ರಗಳನ್ನು ಹೊರಗಿಟ್ಟರು. ನಮ್ಮನ್ನು ಒಳಗಿಟ್ಟರು.

ಹಸಿ ಬಣ್ಣದ ಮೇಲೆ ಧೂಳು ಕೂರಬಾರದು. ಆದ್ದರಿಂದ ಇಪ್ಪತ್ತಾರು ಕಿಟಕಿಗಳ ಸಂದುಸಂದಿಗೂ ಅಂಟುಪಟ್ಟಿ ಹಚ್ಚಿದರು. ಡಬ್ಬದ ಹೊಟ್ಟೆಯ ಮೇಲೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಗಾಳಿಯಾಡುವ ಸ್ಥಳದಲ್ಲಿ ಮಾತ್ರ ಬಳಸಿ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಮೇಸ್ತ್ರಿಗೂ ಓದಿ ಹೇಳಿದೆ.

"ಅದು ಡಬ್ಬ ಮುಚ್ಚಿದ್ದಾಗ ಓದ್ಬೇಕಾದ್ದು, ತಾತ. ತೆರೆದಾಯ್ತಲ್ಲ, ಇನ್ನೇನು?"

"ಗಾಳಿ ಎಲ್ಲಿ?"

"ಗಾಳಿ ಇಲ್ದೆ ನೀವು ಹೇಗೆ ಮಾತಾಡ್ತಿದ್ದೀರಿ? ಮಾತಾಡ್ತಿದ್ದೀರಿ ಅಂದ್ರೆ ಗಾಳಿ ಇದೆ ಅಂತ ಅಲ್ವಾ?"

ತರ್ಕದಲ್ಲಿ ತಪ್ಪು ಸಿಗಲಿಲ್ಲ. ಸುಮ್ಮನಾದೆ. ಸುಮ್ಮನಾದರೆ ಗಾಳಿಯೂ ಉಳಿಯುತ್ತದೆ.

ನನ್ನನ್ನು ಬಿಟ್ಟು ಒಳಗೆ ಏಳು ಜನ. ಆರು ಜನ ಉದ್ದ ಕೋಲಿನ ರೋಲರ್ ಹಿಡಿದು ನಿಂತು ಬಳಿಯುವವರು. ಏಳನೆಯವನು ಅಂಚಿನವನು. ರೋಲರ್ ಗೋಡೆಯ ಬುಡಕ್ಕೆ ಹೋಗುವುದಿಲ್ಲ. ಅಲ್ಲಿ ನಾಲ್ಕಂಗುಲದ ಬ್ರಷ್ ಹಿಡಿದು ಮಂಡಿಯೂರಿ ಬಳಿಯಬೇಕು. ಆ ಹಾಲ್‌ನ ಅಂಚು ಮುನ್ನೂರ ಮೂವತ್ತು ಅಡಿ. ಎರಡು ಕೋಟ್‌ಗೆ ಆರುನೂರ ಅರವತ್ತು. ಅಷ್ಟು ದೂರ ಒಬ್ಬ ಮನುಷ್ಯ ಮಂಡಿಯ ಮೇಲೆ ನಡೆಯುತ್ತಾನೆ. ಆ ಮನುಷ್ಯ ನನ್ನ ಮೈದುನ, ತಂಗಿಯ ಗಂಡ. ಇಪ್ಪತ್ತೆರಡು ವರ್ಷದಿಂದ ಅಂಚಿನವನು.

ಥಿನ್ನರಿನ ಆವಿ ಗಾಳಿಗಿಂತ ಭಾರ. ಮೇಲೇರುವುದಿಲ್ಲ, ನೆಲ ಹಿಡಿದು ಕೂರುತ್ತದೆ. ರೋಲರಿನವನ ಮೂಗು ನೆಲದಿಂದ ಐದಡಿ. ಅಂಚಿನವನ ಮೂಗು ಒಂದಡಿ ಎರಡಂಗುಲ. ಒಮ್ಮೆ ಬೇಸರಕ್ಕೆ ಅಳೆದಿದ್ದೆ. ಆ ಅಳತೆ ಮುಂದೆ ಬೇಕಾಗುತ್ತದೆ ಎಂದು ತಿಳಿದಿರಲಿಲ್ಲ.

ಎರಡನೆಯ ಕೋಟ್ ಅರ್ಧ ಮುಗಿದಾಗ ನಗು ಶುರುವಾಯಿತು. ಇದು ಪ್ರತಿ ಸಲದ ಕ್ರಮ. ಮೊದಲು ತಲೆನೋವು. ಆಮೇಲೆ ತಲೆನೋವು ಮಾಯ. ಆಮೇಲೆ ನಗು. ಒಬ್ಬ "ರೋಲರ್" ಅಂದ, ಐವರು ನಕ್ಕರು. ಇನ್ನೊಬ್ಬ ತನ್ನ ವಯಸ್ಸು ಎಷ್ಟೆಂದು ನನ್ನನ್ನೇ ಕೇಳಿದ. ಹೇಳಿದೆ. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಕಾರ್ಖಾನೆಯ ಸುರಕ್ಷತಾಧಿಕಾರಿಗಳಿಗೆ ಸದ್ದು ಕೇಳಿಸಿತು. ಅವರು ಬಂದು ಬಾಗಿಲಿಗೆ ಒಂದು ಸೂಚನೆ ಅಂಟಿಸಿದರು: ಕೆಲಸದ ವೇಳೆಯಲ್ಲಿ ನಗುವುದನ್ನು ನಿಷೇಧಿಸಲಾಗಿದೆ. ಅದನ್ನು ಓದಿ ಆರೂ ಜನ ಕಾಲು ಗಂಟೆ ನಕ್ಕರು. ಬಳಿಕ ಇಬ್ಬರು ಹೊರಗೆ ಹೋಗಿ ವಾಂತಿ ಮಾಡಿದರು. ವಾಂತಿಯ ಕುರಿತು ಸೂಚನೆ ಇರಲಿಲ್ಲ.

ನನ್ನ ಮೈದುನ ನಗಲಿಲ್ಲ. ಅವನ ನಗು ನಿಂತು ಎಂಟು ವರ್ಷವಾಗಿತ್ತು. ಬೆರಳ ತುದಿಗಳಿಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು. ದಿನ ಬೆಳಿಗ್ಗೆ ನನ್ನ ತಂಗಿ ಹಾಕುತ್ತಾಳೆ, ಏಳು ಗುಂಡಿ. ವಾಸನೆ ಹೋಗಿ ಐದು ವರ್ಷ. ಅದು ಗೊತ್ತಾದದ್ದು ಹಾಲಿನಿಂದ. ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಗಿ, ಮನೆಯೆಲ್ಲ ಹೊಗೆ. ಅವನು ಪಕ್ಕದಲ್ಲಿ ಗೋಡೆ ಕಡೆ ಮುಖ ಮಾಡಿ ಚಪ್ಪಲಿ ಒರೆಸುತ್ತ ಕೂತಿದ್ದ.

"ರೀ, ಪಕ್ಕದಲ್ಲೇ ಕೂತಿದ್ದೀರಲ್ಲ! ಮೂಗು ಎಲ್ಲಿಟ್ಟಿದ್ದೀರಿ?"

"ಮುಖದ ಮೇಲೇ ಇದೆ ನೋಡೇ."

ಅವಳು ಅಂದೇ ಪರೀಕ್ಷೆ ಮಾಡಿದಳು. ಕಣ್ಣು ಕಟ್ಟಿ ಮೂಗಿನ ಮುಂದೆ ಒಂದೊಂದಾಗಿ ಹಿಡಿದಳು. ಈರುಳ್ಳಿ, ಸೀಮೆಎಣ್ಣೆ, ಸೋಪು, ಹೂವು, ಕೊನೆಗೆ ಅವನದೇ ಕಾಲುಚೀಲ. ಐದರಲ್ಲಿ ಸೊನ್ನೆ. ಮರುದಿನದಿಂದ ತಂಡದಲ್ಲಿ ಅವನ ಹೆಸರು ಮೂಗು ಎಂದಾಯಿತು. ಇಲ್ಲದ್ದರ ಹೆಸರನ್ನೇ ಇಟ್ಟರು.

ಶನಿವಾರ ಹೆಂಗಸರು ಹಿಂತಿರುಗಿದರು. ಯಂತ್ರಗಳು ಒಳಗೆ ಬಂದವು. ಕಿಟಕಿಗಳ ಪಟ್ಟಿ ತೆಗೆಯಲಿಲ್ಲ. ಗಿರಾಕಿಗಳು ಬಂದು ಹೋಗುವವರೆಗೆ ನೆಲದ ಮೇಲೆ ಒಂದು ಕಣ ಧೂಳು ಬೀಳಬಾರದು. ಎಂಟೂವರೆಗೆ ಕೂತರು. ಹತ್ತು ಗಂಟೆಗೆ ಮೊದಲನೆಯವಳು ಯಂತ್ರದ ಮೇಲೆ ತಲೆಯಿಟ್ಟಳು. ಹತ್ತೂವರೆಯೊಳಗೆ ಹನ್ನೊಂದು ತಲೆ. ಉಳಿದವರು ಅವರನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ನಮ್ಮ ತಂಡ ಅಂದು ಮೆಟ್ಟಿಲುಗಳಿಗೆ ಬಣ್ಣ ಬಳಿಯುತ್ತಿತ್ತು. ನಾನು ಟೇಪು ಹಿಡಿದು ಅಲ್ಲೇ ಇದ್ದೆ.

ಸುರಕ್ಷತಾಧಿಕಾರಿಗಳು ಬಂದರು. ಅವರು ಕೂಗಾಡುವವರಲ್ಲ. ಕೈಯಲ್ಲಿ ಸದಾ ನಿಯಮದ ಪುಸ್ತಕ. ಮಾತಿಗಿಂತ ಮೊದಲು ಪುಟ ತಿರುವುತ್ತಾರೆ.

"ಏನು ತೊಂದರೆ?"

"ವಾಸನೆ ಸಾರ್. ತಲೆ ಒಡೆದು ಹೋಗ್ತಿದೆ," ಎಂದಳು ನನ್ನ ತಂಗಿ.

"ವಾಸನೆ ಇದೆ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮೂಗು ಹೇಳ್ತು."

"ಯಾರ ಮೂಗು?"

"ಇದೇ ಸಾರ್, ನಮ್ಮದು."

"ನಿಮ್ಮ ಮೂಗು ನೋಂದಾಯಿತವಾ?"

ಅಧಿಕಾರಿಗಳು ನಲವತ್ತೆರಡನೆಯ ಪುಟ ಓದಿದರು. ವಾಸನೆಯ ದೂರನ್ನು ಅನುಭವಸ್ಥರು ಪರೀಕ್ಷಿಸಬೇಕು. ಅನುಭವಸ್ಥರೆಂದರೆ ಆ ವಸ್ತುವಿನೊಡನೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಕೆಲಸ ಮಾಡಿರುವವರು ಮತ್ತು ಅದರ ಬಗ್ಗೆ ಹಿಂದೆ ಎಂದೂ ದೂರು ನೀಡದವರು.

"ನಿಮಗೆಷ್ಟು ಅನುಭವ?"

"ಎರಡು ಗಂಟೆ."

"ನೋಡಿ, ನಾನು ಅನ್ಯಾಯ ಮಾಡೋನಲ್ಲ. ಎಲ್ಲರದ್ದೂ ಕೂಡಿಸೋಣ." ಅವರು ನನ್ನ ಕಡೆ ತಿರುಗಿದರು. "ಅಳತೆಯವರೇ, ನೂರನಲವತ್ತು ಮೂಗು, ತಲಾ ಎರಡು ಗಂಟೆ. ಎಷ್ಟಾಯ್ತು?"

"ಇನ್ನೂರ ಎಂಬತ್ತು ಗಂಟೆ. ಹನ್ನೊಂದು ದಿನ ಹದಿನಾರು ಗಂಟೆ."

"ಹತ್ತು ವರ್ಷ ಆಯ್ತಾ?"

"ಇಲ್ಲ."

"ಕೇಳಿಸ್ಕೊಂಡ್ರಲ್ಲಮ್ಮ?"

ನನ್ನ ತಂಗಿ ಅಧಿಕಾರಿಗಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಲೆಕ್ಕ ಸರಿಯಾಗಿತ್ತು. ಅದನ್ನು ಹೇಳಿದ್ದು ತಪ್ಪು.

ಸೋಮವಾರ, ಹದಿನೆಂಟನೆಯ ತಾರೀಖು, ಅಧಿಕಾರಿಗಳು ನನ್ನ ಮೈದುನನನ್ನು ಕರೆಸಿದರು. ಮೇಸ್ತ್ರಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಅವನದು. ದೂರು ಕೊಟ್ಟ ದಾಖಲೆ ಇಲ್ಲ. ಜೊತೆಗೆ ಹೆಸರೇ ಮೂಗು. ಅಧಿಕಾರಿಗಳ ಮುಖ ಅರಳಿತು. ಟೇಪು ಹಿಡಿದು ನಾನೂ ಬರಬೇಕೆಂದರು. ಪರೀಕ್ಷೆಯ ವೇಳೆ ಮೂಗು ನೆಲದಿಂದ ಐದಡಿಯಲ್ಲಿ ಇರಬೇಕು, ಅದಕ್ಕೆ ಸಾಕ್ಷಿ ಬೇಕು ಎಂದು ನಿಯಮ.

"ಇವತ್ತಿಂದ ನೀನು ಮಂಡಿಯೂರೋ ಹಾಗಿಲ್ಲ. ಬಾಗಿಲ ಹತ್ರ ಕುರ್ಚಿ ಹಾಕಿಸಿದ್ದೀನಿ. ದಿನಕ್ಕೊಂದು ಸಲ ಹಾಲ್ ಮೂಸಿ ನೋಡೋದು, ಹೇಳೋದು, ಸಹಿ ಹಾಕೋದು. ಆಮೇಲೆ ಕೂತಿರೋದು."

"ಸಾರ್, ನನಗೆ ವಾಸನೆ ಬರಲ್ಲ."

"ಅದನ್ನೇ ಹಾಲ್‌ನಲ್ಲಿ ಬಂದು ಹೇಳು. ಇಲ್ಲಿ ಹೇಳಿದ್ರೆ ದಾಖಲೆ ಆಗಲ್ಲ."

"ಹಂಗಲ್ಲ ಸಾರ್. ಎಲ್ಲೂ ಬರಲ್ಲ. ಯಾವ್ದೂ ಬರಲ್ಲ. ಐದು ವರ್ಷ ಆಯ್ತು."

"ಐದು ವರ್ಷದಿಂದ ಎಲ್ಲೂ ವಾಸನೆ ಬಂದಿಲ್ಲ," ಎಂದು ಅಧಿಕಾರಿಗಳು ತೂಗಿ ನೋಡಿದರು. "ಇದು ನಾನಂದುಕೊಂಡಿದ್ದಕ್ಕಿಂತ ಒಳ್ಳೆಯ ಸುದ್ದಿ."

ಹಾಲ್‌ಗೆ ಹೋದೆವು. ಅಧಿಕಾರಿಗಳು ಮುಖವಾಡ ಹಾಕಿಕೊಂಡು ಹೊಸ್ತಿಲ ಹೊರಗೆ ನಿಂತರು. ಯಾಕೆಂದು ಕೇಳಿದೆ. ಧೂಳಿಗೆ ಅಂದರು. ಧೂಳು ಬಾರದಂತೆ ಅಲ್ಲವೇ ಕಿಟಕಿಗೆ ಪಟ್ಟಿ ಎಂದೆ. ಹೌದು, ಅದಕ್ಕೇ ಧೂಳು ಕಾಣುತ್ತಿಲ್ಲ ಎಂದರು. ಒಳಗೆ ನಾನು ನೆಲದಿಂದ ಟೇಪು ಎತ್ತಿ ಐದಡಿಗೆ ಹಿಡಿದೆ. ಮೈದುನ ಆ ಗುರುತಿಗೆ ಮೂಗು ತಾಗಿಸಿ ನಿಂತ. ನಾಲ್ಕು ಮೂಲೆ, ಒಂದು ನಡುಮಧ್ಯ. ಐದು ಕಡೆ ಉಸಿರೆಳೆದ. ನನ್ನ ಕಣ್ಣು ಉರಿಯುತ್ತಿತ್ತು. ಅವನು ಹೊರಗೆ ಬಂದು ಸ್ಪಷ್ಟವಾಗಿ ಹೇಳಿದ:

"ನನಗೆ ವಾಸನೆ ಬರ್ತಿಲ್ಲ."

ಅಧಿಕಾರಿಗಳು ಬರೆದುಕೊಂಡರು. ಕಾಗದ ನಮ್ಮ ಮುಂದೆ ಬಂತು. ವಾಸನೆ ಬರುತ್ತಿಲ್ಲ ಎಂದಷ್ಟೇ ಇತ್ತು.

"ಸಾರ್, ಅವನು ಹೇಳಿದ್ದನ್ನ ಬರೆದ್ರೆ ಹತ್ತು ಅಕ್ಷರ ಆಗುತ್ತೆ. ಇಲ್ಲಿ ಏಳೇ ಇದೆ," ಎಂದೆ.

"ಯಾವುದು ಬಿಟ್ಟಿದೆ?"

"ನನಗೆ."

"ನಿಮಗೇನಾಯ್ತು?"

"ನನಗೇನಿಲ್ಲ ಸಾರ್. 'ನನಗೆ' ಅನ್ನೋ ಪದ ಬಿಟ್ಟಿದೆ."

"ಓ, ಅದಾ." ಅವರು ತಾಳ್ಮೆಯಿಂದ ವಿವರಿಸಿದರು. "ವರದಿಯಲ್ಲಿ ವ್ಯಕ್ತಿ ಇಣುಕಬಾರದು. 'ನನಗೆ ಮಳೆ ಬರ್ತಿಲ್ಲ' ಅಂತ ಯಾರಾದ್ರೂ ಬರೀತಾರಾ? 'ಮಳೆ ಬರ್ತಿಲ್ಲ' ಅಂತ ಬರೀತಾರೆ. ವಾಸನೆಯೂ ಹಾಗೇ."

"ಮಳೆ ಬರೋದು ಮೂಗಿಗಲ್ಲ ಸಾರ್."

"ನೀವು ಅಳತೆಯವರು. ಐದಡಿ ಇತ್ತೋ ಇಲ್ವೋ?"

"ಇತ್ತು."

"ಹಾಗಾದ್ರೆ ಅದಕ್ಕೆ ಸಹಿ ಹಾಕಿ. ಬೇರೆಯವರ ಮೂಗಿನಲ್ಲಿ ನಿಮ್ಮ ಮೂಗು ತೂರಿಸ್ಬೇಡಿ."

ಐದಡಿ ಇದ್ದದ್ದು ನಿಜ. ಸಹಿ ಹಾಕಿದೆ. ಮೈದುನ ಕುರ್ಚಿಯನ್ನು ನೋಡುತ್ತಿದ್ದ. ಒರಗು ಇದ್ದ ಕುರ್ಚಿ, ಮೇಲೆ ಮೆತ್ತೆ. ಅವನ ಮಂಡಿಗಳ ಮೇಲೆ ಜಡ್ಡುಗಟ್ಟಿದ ಚರ್ಮ ಚಪ್ಪಲಿಯ ಅಟ್ಟೆಯಷ್ಟು ದಪ್ಪ. ಎದ್ದು ನಿಲ್ಲಲು ಅವನಿಗೆ ಗೋಡೆ ಬೇಕು. ಇನ್ನೊಂದು ವರ್ಷ ಅಂಚು ಬಳಿದರೆ ಗೋಡೆಯೂ ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು. ಸಹಿ ಹಾಕಿ ಹೋಗಿ ಕೂತ. ಅವನ ಎದೆಗೆ ಒಂದು ಬಿಲ್ಲೆ ಚುಚ್ಚಿದರು. ನೋಂದಾಯಿತ ಮೂಗು, ಸಂಖ್ಯೆ ಒಂದು.

"ಭಾವ," ಎಂದ ಮಧ್ಯಾಹ್ನ. "ಕೂತ್ರೆ ನನಗೂ ಕಾಲಿದೆ ಅಂತ ಗೊತ್ತಾಗ್ತಿದೆ."

ಮಂಗಳವಾರ ಎರಡನೆಯ ಕಾಗದ. ಬುಧವಾರ ಮೂರನೆಯದು. ಪ್ರತಿದಿನ ಹತ್ತು ಅಕ್ಷರ ಹೇಳಿದ, ಏಳು ಅಕ್ಷರ ಬರೆದರು. ಮೂರು ಕಾಗದ, ಅವನ ಸಹಿ ಮೂರು, ನನ್ನದು ಮೂರು. ಕಾಗದವನ್ನು ಹಾಲ್‌ನ ಬಾಗಿಲಿಗೆ, ನಗು ನಿಷೇಧದ ಸೂಚನೆಯ ಪಕ್ಕ ಅಂಟಿಸುತ್ತಿದ್ದರು. ಹೆಂಗಸರು ಅಂಗಿಯ ಚಿಂದಿಯನ್ನು ಮೂಗಿಗೆ ಕಟ್ಟಿಕೊಂಡು ಹೊಲಿಯುತ್ತಿದ್ದರು. ಮಂಗಳವಾರ ಅದನ್ನೂ ಬಿಚ್ಚಿಸಿದರು. ವಾಸನೆ ಇಲ್ಲವೆಂದು ದಾಖಲಾದ ಮೇಲೆ ಮೂಗು ಮುಚ್ಚುವುದು ದಾಖಲೆಗೆ ತೋರಿಸುವ ಅಗೌರವ.

ಬುಧವಾರ ಮೂರು ಗಂಟೆಗೆ ನನ್ನ ತಂಗಿಯ ಬೆರಳಿನ ಮೇಲೆ ಯಂತ್ರ ಓಡಿತು. ಹದಿನೇಳು ವರ್ಷದಲ್ಲಿ ಮೊದಲ ಸಲ. ತಲೆ ತಿರುಗಿ ಕಣ್ಣಿಗೆ ಎರಡು ಕಾಲರ್ ಕಂಡವು, ಇಲ್ಲದ ಕಾಲರನ್ನು ಹಿಡಿಯಲು ಹೋದಳು. ಸೂಜಿ ಬಲಗೈ ತೋರುಬೆರಳಿನ ಉಗುರಿನಲ್ಲಿ ಇಳಿದು ಆಚೆ ಬಂತು. ಮುರಿದ ತುದಿಯನ್ನು ಕಂಪೌಂಡರ್ ಇಕ್ಕಳದಿಂದ ಎಳೆದ. ಕೈಗೆ ಬಟ್ಟೆ ಸುತ್ತಿಸಿಕೊಂಡು ಹೊರಗೆ ಬಂದವಳು ಕುರ್ಚಿಯ ಮುಂದೆ ನಿಂತಳು. ಗಂಡ ಎದ್ದ, ಈ ಸಲ ಗೋಡೆಯಿಲ್ಲದೆ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ದೊಡ್ಡವರು ನೀವು."

"ನಾನು 'ನನಗೆ' ಅಂತಾನೇ ಹೇಳ್ತೀನಿ ಕಣೇ, ದಿನಾ. ಅವರು ಬರೆಯಲ್ಲ."

"ಯಂತ್ರದ ಮೇಲೆ ತಲೆಯಿಟ್ಟೋರನ್ನ ಎಬ್ಬಿಸಿ, ಬಾಗಿಲಿಗೆ ಕರ್ಕೊಂಡು ಹೋಗಿ, ಏನು ತೋರಿಸ್ತಾರೆ ಗೊತ್ತಾ? ನಿಮ್ಮ ಸಹಿ. ನನಗಾದ್ರೆ, ನೋಡಮ್ಮ, ನಿನ್ನ ಗಂಡಾನೇ ಇಲ್ಲ ಅಂತಾನೆ, ನಿನಗೆಲ್ಲಿಂದ ಬಂತು ವಾಸನೆ? ಅಂತಾರೆ." ಆಮೇಲೆ ನನ್ನ ಕಡೆ ತಿರುಗಿದಳು. "ಕೆಳಗೆ ಅಣ್ಣನ ಸಹಿ. ಅಳೆದು ಕೊಟ್ಟಿದ್ದೀಯ. ಸರಿಯಾಗಿದೆ ಅಣ್ಣ ನಿನ್ನ ಅಳತೆ, ಒಂದು ನೂಲು ಹೆಚ್ಚುಕಮ್ಮಿ ಇಲ್ಲ."

ಅವಳು ಅಳಲಿಲ್ಲ. ಮೂರನೆಯ ಕಾಗದದ ಮೇಲೆ ಬಟ್ಟೆ ಸುತ್ತಿದ ಬೆರಳನ್ನು ಒತ್ತಿ ಹೋದಳು. ಕೆಂಪು ಗುರುತು ಉಳಿಯಿತು.

ಗುರುವಾರ, ಇಪ್ಪತ್ತೊಂದು. ಮೈದುನ ಅಂಗಿಯ ಏಳೂ ಗುಂಡಿ ತೆರೆದುಕೊಂಡು ಬಂದ. ಬಿಲ್ಲೆ ಮಾತ್ರ ಎದೆಗಿತ್ತು. ಅಧಿಕಾರಿಗಳು ಗಾಬರಿಯಾದರು.

"ಗಿರಾಕಿಗಳು ಬರೋ ಹೊತ್ತು! ಗುಂಡಿ ಹಾಕ್ಕೋ."

"ನನ್ನ ಕೈಲಿ ಆಗಲ್ಲ ಸಾರ್. ಹಾಕೋಳ ಬೆರಳು ನಿಮ್ಮ ಯಂತ್ರಕ್ಕೆ ಹೋಗಿದೆ."

ಅಂಗಿಯ ಕಾರ್ಖಾನೆ. ದಿನಕ್ಕೆ ಎರಡು ಸಾವಿರ ಅಂಗಿ ಹೊರಹೋಗುವ ಜಾಗ. ಅವನ ಗುಂಡಿ ಹಾಕುವವರಿಲ್ಲ. ಅಧಿಕಾರಿಗಳೇ ಹಾಕಲು ಮುಂದೆ ಬಂದರು. ಮೂರು ಗುಂಡಿ ಆಗುವಷ್ಟರಲ್ಲಿ ಗಿರಾಕಿಗಳ ಕಾರು ಬಂತು.

ನಾಲ್ಕು ಜನ ಗಿರಾಕಿಗಳು. ನಮ್ಮ ಭಾಷೆ ಬಾರದವರು. ಹಾಲ್‌ನೊಳಗೆ ಬಂದು ನೆಲ ನೋಡಿದರು. ನೆಲದಲ್ಲಿ ಅವರ ನಾಲ್ಕು ಮುಖ ಕಂಡವು. ತಲೆದೂಗಿದರು. ಹೆಂಗಸರು ಸಾಲಾಗಿ ಹೊಲಿಯುತ್ತಿದ್ದರು. ಅಧಿಕಾರಿಗಳು ನಾಲ್ಕನೆಯ ಕಾಗದವನ್ನು ಮೊದಲೇ ಬರೆದು ತಂದಿದ್ದರು. ಗಿರಾಕಿಗಳ ಎದುರಿಗೇ ಸಹಿಯಾಗಬೇಕೆಂದು ಅವರ ಆಸೆ. ಬಂದವರ ಮುಂದೆ ಅಂದು ಮುಖವಾಡವನ್ನು ಜೇಬಿನಲ್ಲಿಟ್ಟಿದ್ದರು. ಆದ್ದರಿಂದ ಆದಷ್ಟು ಕಡಿಮೆ ಉಸಿರಾಡುತ್ತ ಮಾತಾಡುತ್ತಿದ್ದರು.

ಮೈದುನ ಕಾಗದ ಹಿಡಿದು ಓದಿದ. "ಇದರಲ್ಲಿ 'ನನಗೆ' ಇಲ್ಲ."

"ಸಹಿ ಹಾಕಪ್ಪ."

"'ನನಗೆ' ಹಾಕಿ, ಹಾಕ್ತೀನಿ."

ಯಂತ್ರಗಳ ಸದ್ದು ಸ್ವಲ್ಪ ತಗ್ಗಿತು. ಗಿರಾಕಿಗಳು ಏನೆಂದು ಕೇಳಿದರು. ಅಧಿಕಾರಿಗಳು ನಗುತ್ತ ಅವರ ಭಾಷೆಯಲ್ಲಿ ಏನೋ ಹೇಳಿದರು. ಗಿರಾಕಿಗಳು ಮೈದುನನಿಗೆ ಚಪ್ಪಾಳೆ ತಟ್ಟಿದರು. ನೆಲವನ್ನು ಹೊಗಳುತ್ತಿದ್ದಾನೆ ಎಂದು ಹೇಳಿರಬೇಕು. ಅಧಿಕಾರಿಗಳು ಅದೇ ನಗು ಇಟ್ಟುಕೊಂಡು ಹಲ್ಲಿನ ಸಂದಿಯಿಂದ ಚೌಕಾಸಿಗಿಳಿದರು.

"ಸರಿ, ಬೇರೆ ಹಾಳೆಯಲ್ಲಿ 'ನನಗೆ' ಅಂತ ಬರೆದು ಬೇರೆ ಕಡತದಲ್ಲಿ ಇಡ್ತೀನಿ."

"ಎರಡೂ ಕಡತ ಒಂದೇ ಕಡೆ ಇರುತ್ತಾ?"

"ಬೇರೆ ಬೇರೆ ಕಪಾಟು."

"ಬೇಡ."

"ಹೋಗಲಿ, ಎರಡು ಅಕ್ಷರ ತಗೋ."

"ಮೂರೂ ಬೇಕು."

"ಏಯ್, ನೀನು ಮೂಗು. ಮೂಗಿನ ಹಾಗೆ ಇರು. ಬಾಯಿ ಬಿಡ್ಬೇಡ."

"ಹಂಗಾದ್ರೆ ನಿಮಗೆ ಬೇಕಾಗಿದ್ದು ಮೂಗಲ್ಲ ಸಾರ್, ಮೂಗ."

"ಏನು, ಕೊಂಬು ಬಂದಿದೆಯಾ ನಿನಗೆ?"

"ಬಂದಿದೆ ಸಾರ್. ಮೂಗನಿಗೂ ಮೂಗಿಗೂ ಇರೋ ವ್ಯತ್ಯಾಸ ಅಷ್ಟೇ. ಕೊನೇಲಿ ಒಂದು ಕೊಂಬು."

ಮೂರನೆಯ ತರಗತಿಗೆ ಶಾಲೆ ಬಿಟ್ಟವನು. ಕೊಂಬಿನ ಪಾಠ ಮಾತ್ರ ನೆನಪಿತ್ತು. ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. ಥಿನ್ನರಿನ ನಗು ಬೇರೆ, ಇದು ಬೇರೆ. ಎರಡನ್ನೂ ಕೇಳಿದ ನನಗೆ ವ್ಯತ್ಯಾಸ ಗೊತ್ತು.

ಮೈದುನ ಕಾಗದವನ್ನು ಅಧಿಕಾರಿಗಳ ಕೈಗಿಟ್ಟ. ಗೋಡೆ ಹಿಡಿದು, ಒಂದೊಂದೇ ಕಾಲು ಮಡಿಸಿ, ತಾನೇ ಬಳಿದ ಅಂಚಿನ ಪಕ್ಕ ಮಂಡಿಯೂರಿದ. ಬಾಗಿದ.

"ಭಾವ, ಅಳೀರಿ."

ಟೇಪು ಹಿಡಿದೆ. "ಒಂದಡಿ ಎರಡಂಗುಲ," ಎಂದು ಹಾಲ್‌ಗೆಲ್ಲ ಕೇಳುವಂತೆ ಹೇಳಿದೆ.

"ಇಪ್ಪತ್ತೆರಡು ವರ್ಷ ನನ್ನ ಮೂಗು ಇದ್ದಿದ್ದು ಇಲ್ಲಿ. ಐದಡಿಯಲ್ಲಲ್ಲ. ನೀವೂ ಬನ್ನಿ ಸಾರ್. ಇಲ್ಲಿ ಬಗ್ಗಿ ಉಸಿರೆಳೆದು ಹೇಳಿ. ನೀವು ಏನು ಹೇಳ್ತೀರೋ ಅದಕ್ಕೆ ನಾನು ಸಹಿ ಹಾಕ್ತೀನಿ."

ಅಧಿಕಾರಿಗಳು ಕದಲಲಿಲ್ಲ. ಆಗ ಯಾರೂ ಎಣಿಸದ್ದು ನಡೆಯಿತು. ಗಿರಾಕಿಗಳಲ್ಲಿ ಹಿರಿಯರು ಇದನ್ನೆಲ್ಲ ಗೌರವದಿಂದ ನೋಡುತ್ತಿದ್ದರು. ಹೊಸ ನೆಲಕ್ಕೆ ನಮ್ಮವರು ಹೀಗೆ ಮಂಡಿಯೂರಿ ಮರ್ಯಾದೆ ಸಲ್ಲಿಸುತ್ತಾರೆ ಎಂದು ತಿಳಿದರೋ ಏನೋ. ಪ್ಯಾಂಟಿನ ಮಡಿಕೆ ಸರಿಪಡಿಸಿಕೊಂಡು, ಮೈದುನನ ಪಕ್ಕದಲ್ಲಿ ತಾವೂ ಮಂಡಿಯೂರಿದರು. ಅವನಂತೆಯೇ ಬಾಗಿದರು. ಅವನಂತೆಯೇ ಆಳವಾಗಿ ಉಸಿರೆಳೆದರು.

ನಾನು ಎಣಿಸಿದೆ. ಒಂಬತ್ತು ಸೆಕೆಂಡು. ಹತ್ತನೆಯದಕ್ಕೆ ಅವರ ಕಣ್ಣು ಹೊರಬಂದವು. ಕೆಮ್ಮುತ್ತ, ವಾಂತಿ ತಡೆಯುತ್ತ, ಗೋಡೆ ತಡಕಿ ಎದ್ದು ಬಾಗಿಲಿಗೆ ಓಡಿದರು. ಉಳಿದ ಮೂವರು ಅವರ ಹಿಂದೆ. ನೀರು, ನೀರು ಎಂದು ಅಧಿಕಾರಿಗಳು ಮೂವರ ಹಿಂದೆ. ಹೊಸ್ತಿಲಲ್ಲಿ ತಿರುಗಿ ನಮಗೆ ಹೇಳಿದರು:

"ಯಾರೂ ಕಿಟಕಿ ಮುಟ್ಬಾರ್ದು! ಧೂಳು!"

ಆ ಗಿರಾಕಿಯ ಮೂಗು ನೋಂದಾಯಿತವಲ್ಲ. ಅನುಭವ ಒಂಬತ್ತು ಸೆಕೆಂಡು. ಅವರ ದೂರನ್ನು ನಲವತ್ತೆರಡನೆಯ ಪುಟಕ್ಕೆ ಯಾರೂ ಒಯ್ಯಲಿಲ್ಲ.

ಒಂದು ಯಂತ್ರ ನಿಂತಿತು. ಅದು ನನ್ನ ತಂಗಿಯದು; ಬೆರಳಿಗೆ ಬಟ್ಟೆ ಸುತ್ತಿದ್ದರೂ ಅಂದು ಅವಳನ್ನು ಸಾಲಿನಲ್ಲಿ ಕೂರಿಸಿದ್ದರು. ಆಮೇಲೆ ಸಾಲು ಸಾಲಾಗಿ ನಿಂತವು. ಅವಳು ನೂಲು ಕತ್ತರಿಸುವ ಪುಟ್ಟ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಹೋಗಿ ಮೊದಲನೆಯ ಕಿಟಕಿಯ ಪಟ್ಟಿಯನ್ನು ಸೀಳಿದಳು. ಎಡಗೈ ಆದ್ದರಿಂದ ಸಮಯ ಹಿಡಿಯಿತು. ಉಳಿದ ಇಪ್ಪತ್ತೈದಕ್ಕೆ ಅಷ್ಟು ಸಮಯ ಹಿಡಿಯಲಿಲ್ಲ. ನೂರಮೂವತ್ತೊಂಬತ್ತು ಕತ್ತರಿಗಳಿದ್ದವು. ಗಾಳಿ ಬಂತು. ಧೂಳೂ ಬಂತು. ಗಿರಾಕಿಗಳ ಮುಖ ಕಂಡಿದ್ದ ಜಾಗದಲ್ಲಿ ನೂಲಿನ ತುಣುಕುಗಳು ಹಾರಿ ಬಿದ್ದವು.

ಓಡುವಾಗ ಅಧಿಕಾರಿಗಳು ಬೀಳಿಸಿದ್ದ ನಾಲ್ಕನೆಯ ಕಾಗದ ನೆಲದ ಮೇಲಿತ್ತು. ತಂಗಿ ಅದನ್ನು ಎತ್ತಿ, ನನ್ನ ಕಿವಿಯ ಮೇಲಿನ ಪೆನ್ಸಿಲ್ ಕಿತ್ತುಕೊಂಡು, ಅಧಿಕಾರಿಗಳು ಬರೆದ ಸಾಲಿನ ಕೆಳಗೆ ಎಡಗೈಯಲ್ಲಿ ವಕ್ರವಕ್ರವಾಗಿ ಬರೆದಳು: ನಮಗೆ ವಾಸನೆ ಬರುತ್ತಿದೆ.

"ಎಣಿಸಣ್ಣ," ಎಂದಳು. "ಅವರು ಕೊಡದೆ ಇದ್ದಿದ್ದೂ ಮೂರೇ ಅಕ್ಷರ, ಇದೂ ಮೂರೇ. ನಡುವಿನದು ಒಂದು ಬದಲಾಯಿಸಿದ್ದೀನಿ."

ನೂರನಲವತ್ತು ಸಹಿ ಬಿತ್ತು. ಹಾಳೆಯ ಹಿಂಬದಿಯೂ ತುಂಬಿತು. ನೂರನಲವತ್ತೊಂದನೆಯದು ನನ್ನದು. ಅಳತೆಯ ಜಾಗದಲ್ಲಿ ಒಂದಡಿ ಎರಡಂಗುಲ ಎಂದು ಬರೆದೆ.

ಸೋಮವಾರ, ಇಪ್ಪತ್ತೈದನೆಯ ತಾರೀಖು, ಆಜ್ಞೆ ಬಂತು. ಮೂರು ಅಂಶ. ಒಂದು, ಅತಿಥಿಗಳ ಅನುಕೂಲಕ್ಕಾಗಿ ಕಿಟಕಿಗಳನ್ನು ತೆರೆಯಲಾಗಿದೆ. ಎರಡು, ತನಗೆ ವಾಸನೆ ಗ್ರಹಿಸುವ ಶಕ್ತಿ ಇಲ್ಲವೆಂಬುದನ್ನು ಮರೆಮಾಚಿ ಹುದ್ದೆ ಪಡೆದ ಕಾರಣ ನೋಂದಾಯಿತ ಮೂಗು ಸಂಖ್ಯೆ ಒಂದನ್ನು ರದ್ದು ಮಾಡಲಾಗಿದೆ. ಮೂರು, ಸದರಿ ಮೂಗು ಸಲ್ಲಿಸಿದ ಮೂರು ವರದಿಗಳು ಎಂದಿನಂತೆ ಊರ್ಜಿತದಲ್ಲಿರುತ್ತವೆ. ನಾಲ್ಕನೆಯ ಕಾಗದದ ಸುದ್ದಿ ಯಾವ ಅಂಶದಲ್ಲೂ ಇರಲಿಲ್ಲ.

ಎರಡನೆಯ ಅಂಶದಲ್ಲಿ 'ತನಗೆ' ಎಂದು ಬರೆದಿದ್ದರು. ಹೊರಗೆ ಹಾಕುವಾಗ ವ್ಯಕ್ತಿ ಇಣುಕಬಹುದು.

ಅಂದೇ ಮೇಸ್ತ್ರಿ ಅವನನ್ನು ತಂಡದಿಂದ ಬಿಟ್ಟ. ಕುರ್ಚಿ ಗೋದಾಮಿಗೆ ಹೋಯಿತು. ಹಾಲ್‌ನ ಕಿಟಕಿಗಳು ಇಂದಿಗೂ ತೆರೆದಿವೆ. ಮುಚ್ಚಿದ ದಿನ ಯಂತ್ರಕ್ಕೆ ಕೂರುವುದಿಲ್ಲ ಎಂದು ಹೆಂಗಸರು ಹೇಳಿದ್ದಾರೆ, ಕೂರುವುದೂ ಇಲ್ಲ. ಆದರೆ ತಲೆಯಿಟ್ಟ ಹನ್ನೊಂದು ಜನರಲ್ಲಿ ಮೂವರಿಗೆ ಈಗಲೂ ಬೆಳಿಗ್ಗೆ ಏಳಲಾಗುವುದಿಲ್ಲ. ಅವರು ವೈದ್ಯರ ಚೀಟಿಗಾಗಿ ಕಚೇರಿಗೆ ಹೋದಾಗ ಆ ಮೂರು ಕಾಗದ ತೆಗೆದು ತೋರಿಸುತ್ತಾರೆ. ವಾಸನೆ ಬರುತ್ತಿಲ್ಲ. ವಾಸನೆಯೇ ಇಲ್ಲದಿದ್ದರೆ ಕಾಯಿಲೆ ಎಲ್ಲಿಂದ? ಮೈದುನ ತನ್ನ ಮೂಗಿಗಾಗಿ, ಬೆರಳಿಗಾಗಿ ಹೋದಾಗಲೂ ಅವನಿಗೆ ಅವನದೇ ಸಹಿ ತೋರಿಸಿದರು.

ಆದ್ದರಿಂದ ನಾವು ಪ್ರತಿ ಸೋಮವಾರ ಹೋಗುತ್ತೇವೆ. ತಂಗಿಯ ಬೆರಳು ಮಡಚುವುದಿಲ್ಲ. ಬೆಳಿಗ್ಗೆ ಮೈದುನನ ಅಂಗಿಯ ಏಳು ಗುಂಡಿಗಳನ್ನು ನಾನು ಹಾಕುತ್ತೇನೆ. ಕಚೇರಿಯ ಮೆಟ್ಟಿಲು ಹದಿನಾಲ್ಕು. ಗೋಡೆ ಹಿಡಿದು ಹತ್ತುತ್ತಾನೆ. ಸುರಕ್ಷತಾಧಿಕಾರಿಗಳು ಪುಸ್ತಕದಿಂದ ತಲೆಯೆತ್ತಿ ಕೇಳುತ್ತಾರೆ.

"ಮತ್ತೇನು ಬೇಕ್ರಿ ನಿಮಗೆ?"

"ನನಗೆ," ಎನ್ನುತ್ತಾನೆ ಅವನು.

"ಅದೇ, ನಿನಗೇನು ಬೇಕು?"

"ಅದೇ ಸಾರ್. 'ನನಗೆ' ಬೇಕು."

ಇಂದಿಗೆ ಹನ್ನೆರಡು ಸೋಮವಾರವಾಯಿತು. ಕಾಗದ ಮೂರು, ಕಾಗದಕ್ಕೆ ಮೂರು ಅಕ್ಷರ. ಒಂಬತ್ತು ಅಕ್ಷರ ಬಾಕಿ. ಬಡ್ಡಿ ಕೇಳಿಲ್ಲ.